ಹುತ್ತದ ಅನ್ನ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಡುವ ವಿಷಯದಲ್ಲಿ ನಾಲ್ವರ ಕಣ್ಣಿಗೆ ಅಂಜಬೇಕಾದೀತು, ಉಣ್ಣುವ ವಿಷಯದಲ್ಲಿ ಆ ಅಂಜಿಕೆ ಬೇಡ ಎಂಬುದು ಅದರ ಭಾವ. ಆದರೆ ಗಾದೆ ಕಟ್ಟಿದವರಿಗಿದ್ದ ಔದಾರ್ಯ ಅದನ್ನು ನುಡಿಯುವ ನಮಗೆ ಇದೆಯೆ? ನೆರೆಯವನ ಎಲೆಯಲ್ಲಿ ಏನಿದೆಯೆಂದು ಇಣುಕಿ ನೋಡಿ, ಅದರಿಂದಲೇ ಅವನ ಕುಲವನ್ನೂ ಗುಣವನ್ನೂ ಅಳೆಯುವ ಚಾಳಿ ಅಕ್ಷರಸ್ಥರಾದ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಈ ಮಾತಿಗೆ ಕಾರಣವುಂಟು. ತಮ್ಮ ತಮ್ಮ ಊರಿನ ಬಳಕೆಯ ಶಬ್ದಗಳನ್ನು ಸಂಗ್ರಹಿಸಿ ತರುವಂತೆ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು. ಒಮ್ಮೆ ಬಯಲುಸೀಮೆಯ ಹಳ್ಳಿಯೊಂದರ ಹುಡುಗಿ ತಂದ ಪಟ್ಟಿಯಲ್ಲಿ 'ಈಸಲು' ಎಂಬ ಮಾತಿದ್ದಿತು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲು ಅದು ಎಂದೂ, ಹುರಿದು ಪುರಿಯೊಡನೆ ಬೆರೆಸಿ ತಿನ್ನುವರೆಂದೂ ಆಕೆ ವಿವರಿಸಿದಳು. 'ನಿಮ್ಮನೇಲೂ ತಿಂತೀರಾ?' ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂದಿತು. ತರಗತಿ ನಕ್ಕಿತು. 'ಇಲ್ಲ, ಅಜ್ಜಿ ಕಾಲದಲ್ಲಿ' ಎಂದು ಹೇಳಿ ಆಕೆ ಕುಳಿತುಬಿಟ್ಟಳು. ನಿಘಂಟಿನ ಹುಳು ತಿಂದು ಶಬ್ದಗಳು ಸಾಯುವುದಿಲ್ಲ. ಹೀಗೆ ಒಂದು ನಗೆಗೆ ಸಿಕ್ಕಿ ಸಾಯುತ್ತವೆ.

ಆ ಶಬ್ದವಾದರೋ ಸಾಮಾನ್ಯವಾದುದಲ್ಲ. ತಮಿಳಿನ ಈಯಲ್, ಮಲಯಾಳದ ಈಯಲ್ ಇದರ ಒಡಹುಟ್ಟುಗಳು. ಸಂಗಂ ಕಾಲದ 'ಪುರನಾನೂರು' ಸಂಕಲನದ ಒಂದು ಪದ್ಯದಲ್ಲಿ, ಕೆಂಪು ಹುತ್ತದ ಈಯಲನ್ನು ಮಜ್ಜಿಗೆಯ ಹುಳಿಯೊಡನೆ ಅಟ್ಟು ಉಣ್ಣುವ ಮಾತು ಬರುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕವಿ ನಾಡಿನ ಸಮೃದ್ಧಿಯ ಗುರುತಾಗಿ ಕಂಡುದು ನಮ್ಮ ತರಗತಿಯಲ್ಲಿ ನಗೆಯ ವಸ್ತುವಾಯಿತು. ಕಾಲದೊಡನೆ ರುಚಿ ಬದಲಾಗುವುದು ಸಹಜ. ಆದರೆ ಇಲ್ಲಿ ಬದಲಾದದ್ದು ರುಚಿಯಲ್ಲ, ಮರ್ಯಾದೆಯ ಲೆಕ್ಕ.

ಹುತ್ತವನ್ನೇ ನೋಡೋಣ. ನಾಗರಪಂಚಮಿಯಂದು ಅದಕ್ಕೆ ಹಾಲೆರೆಯುತ್ತೇವೆ. ಮಳೆಗಾಲದಲ್ಲಿ ಅದರ ಮೈಮೇಲೆ ಅಣಬೆ ಎದ್ದರೆ ಸಂಭ್ರಮದಿಂದ ಕಿತ್ತು ಸಾರು ಮಾಡುತ್ತೇವೆ. ಆ ಅಣಬೆ ಗೆದ್ದಲಿನ ಬೇಸಾಯ. ಅಗಿದ ಸೌದೆ ತರಗುಗಳ ಮೇಲೆ ಅದು ನೆಲದೊಳಗೆ ಶಿಲೀಂಧ್ರದ ತೋಟ ಬೆಳೆಸುತ್ತದೆ. ತೋಟದ ಫಲ ನಮಗೆ ರುಚಿ, ತೋಟಗಾರನ ಹೆಸರೆತ್ತಿದರೆ ಹೇಸಿಗೆ! ಬಯಲುಸೀಮೆಯ ಬಡವರು ಈ ಭೇದವನ್ನು ಎಣಿಸಲಿಲ್ಲ. ಹುತ್ತದ ಬಾಯಲ್ಲಿ ದೀಪವಿಟ್ಟು, ಬೆಳಕಿಗೆ ಮುತ್ತುವ ಈಸಲನ್ನು ಹಿಡಿದು, ಹುರಿದು, ರೆಕ್ಕೆ ಕೇರಿ, ಮಕ್ಕಳ ಕೈಗಿತ್ತರು. ಹೊಸ ಗೂಡು ಹೂಡಲೆಂದು ಹಾರುವ ಈ ಹುಳುವಿನ ಮೈಯಲ್ಲಿ ಕೊಬ್ಬು ಹೇರಳ. ಹಗೇವಿನ ರಾಗಿ ಬರಿದಾಗಿ, ಹೊಸ ಬೆಳೆ ಇನ್ನೂ ಬಿತ್ತನೆಯಲ್ಲಿರುವ ತಿಂಗಳಲ್ಲಿ ಅದು ಒದಗಿ ಬರುತ್ತಿದ್ದುದನ್ನು ನೆನೆದರೆ ಅದರ ಬೆಲೆ ತಿಳಿದೀತು.

ಮಲೆನಾಡಿನ ಚಿಗಳಿಯ ಕಥೆಯೂ ಇಂಥದೇ. ಮಾವು ಹಲಸುಗಳ ಎಲೆಗಳನ್ನು ಒಂದಕ್ಕೊಂದು ಹೊಲಿದು ಗೂಡು ಕಟ್ಟುವ ಕೆಂಪಿರುವೆ ಇದು. ತನ್ನ ಮರಿಹುಳುವನ್ನು ಬಾಯಲ್ಲಿ ಹಿಡಿದು, ಅದು ಹೊರಸೂಸುವ ರೇಷ್ಮೆಯ ಎಳೆಯಿಂದ ಎಲೆಗಳನ್ನು ಬೆಸೆಯುತ್ತದೆ. ಗೂಡನ್ನು ಇಳಿಸಿ, ಇರುವೆಯನ್ನೂ ಮೊಟ್ಟೆಯನ್ನೂ ಹುರಿದು, ಮೆಣಸು, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಅರೆದರೆ ಚಿಗಳಿ ಚಟ್ನಿ. ಹುಳಿಗೆ ಹುಣಿಸೆ ಬೇಡ. ಇರುವೆಯ ಮೈಯ ಆಮ್ಲವೇ ಸಾಕು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬುಡಕಟ್ಟಿನವರು ಇದೇ ಇರುವೆಯಿಂದ ಮಾಡುವ ಸಿಮ್ಲಿಪಾಲ್ 'ಕಾಯಿ' ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಒಂದೇ ಇರುವೆ, ಅಲ್ಲಿ ಅದು ಜಿಲ್ಲೆಯ ಹೆಮ್ಮೆ, ಇಲ್ಲಿ ಅತಿಥಿ ಬಂದಾಗ ಒಳಗೆ ಸರಿಸಿಡುವ ಬಟ್ಟಲು.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಎಡೆ ದೊರೆಯಿತೆ ಎಂದು ಕೇಳಬಹುದು. ಕನ್ನಡದಲ್ಲಿ ಪಾಕಶಾಸ್ತ್ರ ಬರೆದವರಲ್ಲಿ ಪ್ರಸಿದ್ಧನಾದ 16ನೆಯ ಶತಮಾನದ ಮೂರನೆಯ ಮಂಗರಸ ಜೈನ. ಅವನ 'ಸೂಪಶಾಸ್ತ್ರ' ಶಾಕಾಹಾರದ ಗ್ರಂಥವಾದುದು ಅವನ ಧರ್ಮಕ್ಕೆ ಉಚಿತವೇ. ಆದರೆ ಅದಕ್ಕೆ ಹಿಂದೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಹೊಲದ ಇಲಿಯನ್ನು ಕೆಂಡದ ಮೇಲೆ ಸುಡುವ ಕ್ರಮವೂ, ಆಮೆ ಏಡಿಗಳನ್ನು ಅಡುವ ಕ್ರಮವೂ ಇವೆ. ಚಕ್ರವರ್ತಿಯ ತಟ್ಟೆಯಲ್ಲಿದ್ದಾಗ ಅದು ಭೋಗ. ಕೂಲಿಯವನ ಮಡಕೆಯಲ್ಲಿದ್ದಾಗ ಅದು ಹೀನ. ಹಾಗಾದರೆ ಹೀನತೆ ಇರುವುದು ಇಲಿಯಲ್ಲೋ, ಮಡಕೆಯಲ್ಲೋ, ನೋಡುವ ಕಣ್ಣಿನಲ್ಲೋ?

ಇನ್ನು ನಮ್ಮ ಮಡಿಯ ವಿಚಾರ. ಪೂಜೆಗೆ ಕೂಡುವಾಗ ರೇಷ್ಮೆಯನ್ನುಡುತ್ತೇವೆ. ಆ ನೂಲು ಬಿಚ್ಚಬೇಕಾದರೆ ಗೂಡನ್ನು ಒಳಗಿನ ಜೀವಸಮೇತ ಕುದಿನೀರಿಗೆ ಹಾಕಬೇಕೆಂಬುದನ್ನು ರಾಮನಗರದ ಸೀಮೆಯ ಯಾವ ಮಗುವಾದರೂ ಹೇಳೀತು. ಎಳೆ ದೇವರ ಕೋಣೆಗೆ ಸಲ್ಲುತ್ತದೆ. ಒಳಗಿನ ಹುಳು ಮೀನಿಗೂ ಕೋಳಿಗೂ ಮೇವಾಗುತ್ತದೆ. ಅಸ್ಸಾಮಿನ ಬೋಡೋ ಜನ ಎರಿ ರೇಷ್ಮೆಯ ಹುಳುವನ್ನು ಅಡಿಗೆ ಮಾಡಿ ತಿನ್ನುತ್ತಾರೆ. ಕೊಂದುದನ್ನು ಉಣ್ಣುವವರು ಅವರು. ಕೊಂದುದನ್ನು ಉಟ್ಟು ಅವರನ್ನು ಹಳಿಯುವವರು ನಾವು. ಪಂಚಾಮೃತದ ಜೇನೂ ಹುಳುವಿನ ಬಾಯಿಂದಲೇ ಬಂದುದು.

ಅಹಿಂಸೆಯ ನಿಷ್ಠೆಯಿಂದ ಪ್ರಾಣಿಯ ಆಹಾರವನ್ನು ಬಿಟ್ಟವರು ನನ್ನ ಗೌರವಕ್ಕೆ ಪಾತ್ರರು. ಅವರ ವ್ರತವನ್ನು ಕೆಣಕುವುದು ಈ ಲೇಖನದ ಉದ್ದೇಶವಲ್ಲ. ಆದರೆ ವ್ರತವೆಂಬುದು ನಾಲಗೆಯ ಎರಡು ಕೆಲಸಗಳಿಗೂ ಸಲ್ಲಬೇಕು. ಇರುವೆಯ ಮೇಲೆ ಕಾಲಿಡದವನು ಇರುವೆ ತಿನ್ನುವ ಮನುಷ್ಯನ ಮೇಲೆ ಮಾತಿನ ಕಾಲಿಡುವುದು ಯಾವ ಅಹಿಂಸೆ?

ಮತ್ತೊಂದು ಕಡೆಯ ಅಪಾಯವನ್ನೂ ಹೇಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿ, ಲೋಕದಲ್ಲಿ ಸುಮಾರು 200 ಕೋಟಿ ಜನರ ಆಹಾರದಲ್ಲಿ ಕೀಟಗಳಿವೆಯೆಂದೂ, ತಿನ್ನುವ ಕೀಟಗಳ ಬಗೆ 1,900ಕ್ಕೂ ಮಿಕ್ಕಿದೆಯೆಂದೂ ತಿಳಿಸಿತು. ಅಂದಿನಿಂದ ಹುಳು 'ನಾಳಿನ ಆಹಾರ'ವೆಂಬ ಹೊಗಳಿಕೆ ಹೆಚ್ಚಿದೆ. ಹೊಗಳಿಕೆ ಪರದೇಶದಿಂದ ಬಂದರೆ ನಾವು ತಲೆದೂಗುವವರೇ. ನಾಳೆ ದೊಡ್ಡ ಹೋಟೆಲಿನ ಬೆಳ್ಳಿತಟ್ಟೆಯಲ್ಲಿ ಚಿಗಳಿ ಬಂದರೆ, ಅಂದು ನಕ್ಕವರೇ ಅದನ್ನು ರುಚಿ ನೋಡಿ ಬೀಗಿಯಾರು. ಹಾಗಾದಾಗಲೂ ಗೂಡಿಳಿಸುವ ಕೈಗೆ ಕಡಿತವೊಂದೇ ಉಳಿಯಬಾರದು. ಬೇಡಿಕೆ ಬೆಳೆದು ಮರಮರದ ಗೂಡೂ ಬರಿದಾಗಬಾರದು. ಬಡವರು ಹಸಿವಿನಿಂದ ಆಯ್ದುಕೊಂಡುದನ್ನು 'ಅವರ ಸಂಸ್ಕೃತಿ'ಯೆಂದು ಹಾಡಿ, ಅಕ್ಕಿ ಬೇಳೆಯ ಹೊಣೆಯಿಂದ ನಾವು ಜಾರಿಕೊಳ್ಳಲೂ ಬಾರದು. ಬಡವನ ಊಟವನ್ನು ಹಳಿಯುವುದು ಒಂದು ಪಾಪ; ಅವನ ಬಡತನವನ್ನೇ ಸವಿಯುವುದು ಇನ್ನೊಂದು.

ಎಲ್ಲರೂ ಈಸಲನ್ನು ತಿನ್ನಿರಿ ಎಂದು ನಾನು ಹೇಳುತ್ತಿಲ್ಲ. ಒಗ್ಗದವರು ಬಿಡಲಿ, ಸಿಗಡಿ ಏಡಿ ಒಗ್ಗದ ಮೈಗೆ ಕೀಟವೂ ಒಗ್ಗದಿರಬಹುದು, ವಿಷ ಸಿಂಪಡಿಸಿದ ಹೊಲದ ಹುಳುವನ್ನಂತೂ ಯಾರೂ ಮುಟ್ಟಬಾರದು. ನಾನು ಕೇಳುವುದು ಅಧ್ಯಾಪಕ ಮಿತ್ರರನ್ನು ಮತ್ತು ವಿದ್ಯಾರ್ಥಿಗಳನ್ನು. ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುವ ಚಾತುರ್ಯ, ಯಾವ ಹುತ್ತ ಯಾವ ಮಳೆಗೆ ಏಳುವುದೆಂಬ ಎಣಿಕೆ, ಇವೆಲ್ಲ ವಿದ್ಯೆಗಳೇ. ಅವುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕೇಳೋಣ, ಬರೆದುಕೊಳ್ಳೋಣ, ನಗದಿರೋಣ. ಕನ್ನಡದ ಸಂಪತ್ತು ಪಂಪನ ಓಲೆಯಲ್ಲಿ ಮಾತ್ರವಲ್ಲ, ಅಜ್ಜಿಯ ಹೆಂಚಿನ ಮೇಲೂ ಇದೆ. ಹೆಂಚು ಆರುವ ಮುನ್ನ ಅದರ ಮಾತುಗಳನ್ನು ತಲೆಯೆತ್ತಿ ನುಡಿಯುವ ಧೈರ್ಯ ನಮ್ಮ ಮಕ್ಕಳಿಗೆ ದೊರೆಯಬೇಕು. ಅದನ್ನು ಕೊಡಲಾಗದ ತರಗತಿ ಕನ್ನಡವನ್ನು ಕಲಿಸುತ್ತಿದೆಯೆಂದು ಹೇಳಲು ನನಗೆ ಬಾಯಿ ಬಾರದು.