ಬಿದ್ದವಳಿಗೆ ಬುದ್ಧಿವಾದ

2026ರ ಫೆಬ್ರವರಿ 8ರಂದು ಇಟಲಿಯ ಕೊರ್ಟಿನಾ ಎಂಬ ಊರಿನ ಹಿಮದ ಇಳಿಜಾರಿನಲ್ಲಿ ಲಿಂಡ್ಸೆ ವಾನ್ ಎಂಬ ಅಮೆರಿಕದ ಹೆಂಗಸು ಬಿದ್ದಳು. ಚಳಿಗಾಲದ ಒಲಿಂಪಿಕ್ಸಿನ ಡೌನ್‌ಹಿಲ್ ಸ್ಪರ್ಧೆ ಅದು. ಹೊರಟು ಹದಿಮೂರು ಸೆಕೆಂಡಾಗಿತ್ತು, ಅಷ್ಟೆ. ಕಾಲಿನ ಮೂಳೆ ಮುರಿದಿತ್ತು; ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋದರು. ಆಕೆಗೆ ನಲವತ್ತೊಂದು ವರ್ಷ. ಒಂಬತ್ತು ದಿನ ಮೊದಲಷ್ಟೇ ಸ್ವಿಟ್ಜರ್ಲೆಂಡಿನಲ್ಲಿ ಬಿದ್ದು ಎಡ ಮಂಡಿಯೊಳಗಿನ ಲಿಗಮೆಂಟನ್ನು ಹರಿದುಕೊಂಡಿದ್ದಳು. ಹಾಗಿದ್ದೂ ಸ್ಪರ್ಧೆಗೆ ಇಳಿದಿದ್ದಳು.

ಸ್ಕೀ ಎಂದರೆ ಏನೆಂದು ಅಲ್ಲಿಯವರೆಗೆ ವಿಚಾರಿಸದಿದ್ದ ನಮ್ಮ ಬಂಧುಬಳಗಕ್ಕೆ ಆ ವಾರ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ದೊಡ್ಡಮ್ಮ ಫೋನು ಮಾಡಿದರು. "ನೋಡ್ದೇನೇ ಟಿ.ವಿ.ಲಿ? ಆ ಹೆಂಗಸಿನ ಗತಿ ಏನಾಯ್ತು! ನಿನ್ ತಂಗಿಗೆ ಹೇಳು, ಇನ್ನಾದ್ರೂ ತೆಪ್ಪಗೆ ಮನೇಲಿರ್ಲಿ ಅಂತ." ಇದೇ ಮಾತನ್ನು ಅತ್ತಿಗೆ ಹೇಳಿದರು, ನಮ್ಮ ಶಾಲೆಯ ಸಹೋದ್ಯೋಗಿ ಹೇಳಿದರು, ತಂಗಿಯ ಓರಗಿತ್ತಿ ಬೆಂಗಳೂರಿನಿಂದ ಸಂದೇಶ ಕಳಿಸಿ ಹೇಳಿದರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಆ "ತೆಪ್ಪಗಿರು" ಎಂಬ ಮಾತಿನ ಬಗ್ಗೆ ನನಗೊಂದಿಷ್ಟು ಜಗಳವಿದೆ.

ನನ್ನ ತಂಗಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾಳೆ. ಮನೆಯಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಬೆಟ್ಟ, ಬೆಟ್ಟದ ತುಂಬ ಹಿಮ. ಮದುವೆಯಾಗಿ ಹೋದ ಮೂರನೆಯ ಚಳಿಗಾಲದಲ್ಲಿ, ಮನೆಯೊಳಗೆ ಕೂತು ತಲೆ ಕೆಟ್ಟುಹೋಗುತ್ತದೆಂದು ಸ್ಕೀ ಕಲಿಯಲು ಹೋದವಳು. ಎರಡು ಉದ್ದನೆಯ ಪಟ್ಟಿಗಳಿಗೆ ಬೂಟುಗಳನ್ನು ಬಿಗಿದುಕೊಂಡು ಇಳಿಜಾರಿನಲ್ಲಿ ಅಂಕುಡೊಂಕಾಗಿ ಜಾರುವುದು, ಲಿಫ್ಟಿನಲ್ಲಿ ಮೇಲಕ್ಕೆ ಹೋಗುವುದು, ಮತ್ತೆ ಜಾರುವುದು. ಹದಿನೆಂಟು ವರ್ಷ ಇದನ್ನು ಬಿಡದೆ ಮಾಡಿದಳು. ಎರಡು ಹೆರಿಗೆ, ಒಂದು ಕೆಲಸ ಹೋದದ್ದು, ನಮ್ಮ ಅಮ್ಮ ತೀರಿಕೊಂಡದ್ದು, ಎಲ್ಲದರ ನಡುವೆಯೂ. ಆ ಬೆಟ್ಟ ಇಲ್ಲದಿದ್ದರೆ ಆ ಊರಿನಲ್ಲಿ ಬಾಳುತ್ತಿರಲಿಲ್ಲ ಎಂದು ಅವಳೇ ನನಗೆ ಹೇಳಿದ್ದುಂಟು. 2025ರ ಫೆಬ್ರವರಿಯಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಬಿದ್ದಳು. ಬಲ ಮಂಡಿಯ ಲಿಗಮೆಂಟು ಹರಿಯಿತು. ವಾನ್‌ಗೆ ಹರಿದದ್ದೂ ಅದೇ. ಡಾಕ್ಟರುಗಳು ಎ.ಸಿ.ಎಲ್. ಎನ್ನುತ್ತಾರೆ. ತೊಡೆಯ ಮೂಳೆಯ ಕೆಳಗೆ ಮೊಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಮಂಡಿಯ ಒಳಗೆ ಹಿಡಿದಿಟ್ಟಿರುವ ಒಂದು ಗಟ್ಟಿ ಪಟ್ಟಿ ಅದು.

ಇನ್ನೊಂದು ಮಂಡಿಯ ಕಥೆ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ, ಬ್ಯಾಂಕಿನಲ್ಲಿ ಅಧಿಕಾರಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಲಬ್ಬಿನಲ್ಲಿ ಷಟಲ್ ಆಡುವಾಗ ಇದೇ ಲಿಗಮೆಂಟನ್ನು ಹರಿದುಕೊಂಡ. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಯಾವಾಗಿಂದ ಆಡ್ತೀಯಪ್ಪಾ?" ನನ್ನ ತಂಗಿಗೆ ಕೇಳಿದ್ದೂ ಒಂದೇ ಪ್ರಶ್ನೆ: "ಈ ವಯಸ್ಸಿನಲ್ಲಿ ನಿನಗೆ ಬೇಕಿತ್ತಾ?" ಮಂಡಿ ಅದೇ, ಲಿಗಮೆಂಟು ಅದೇ. ಪ್ರಶ್ನೆ ಮಾತ್ರ ಬೇರೆ. ಗಂಡಸಿನ ಗಾಯ ಆಟದ ಗಾಯ. ಹೆಂಗಸಿನದು ಮಾತು ಕೇಳದಿದ್ದುದಕ್ಕೆ ಬಂದ ಶಿಕ್ಷೆ! ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವಳಿಗೆ ಯಾರೂ "ಸ್ನಾನ ನಿನಗೆ ಬೇಕಿತ್ತಾ" ಎಂದು ಕೇಳುವುದಿಲ್ಲ. ಬಟ್ಟೆ ಒಗೆಯುತ್ತ, ನೀರು ಹೊರುತ್ತ ಮಂಡಿ ಸವೆಸಿಕೊಂಡವಳಿಗೆ ಇನ್ನು ಕೆಲಸ ಬಿಡು ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಮನೆಗಾಗಿ ಸವೆದರೆ ಅದು ಪುಣ್ಯ. ತನ್ನ ಸಂತೋಷಕ್ಕಾಗಿ ಸವೆಸಿದಳೋ, ವಿಚಾರಣೆ ಆರಂಭ.

ಬಿದ್ದದ್ದು ಹೇಗೆ ಎಂಬುದನ್ನೂ ಯಾರೂ ಕೇಳಲಿಲ್ಲ. ಹುಚ್ಚು ವೇಗದಲ್ಲಿ ಹೋಗಿ ಬಿದ್ದಿರಬೇಕೆಂದೇ ಎಲ್ಲರ ಕಲ್ಪನೆ. ಅವಳು ಬಿದ್ದದ್ದು ದಿನದ ಕೊನೆಯ ಇಳಿತದಲ್ಲಿ, ಸುಲಭದ ಹಾದಿಯಲ್ಲಿ, ನಿಧಾನವಾಗಿ ಬರುವಾಗ. ಮೈ ಹಿಂದಕ್ಕೆ ವಾಲಿ ಕುಕ್ಕರು ಕೂತಂತಾಯಿತು. ಬೀಳಬಾರದೆಂದು ಹೇಗೋ ಮೇಲೇಳಲು ನೋಡಿದಳು. ಮಂಡಿಯೊಳಗೆ 'ಪಟ್' ಎಂದು ಸದ್ದಾಯಿತು. ಸ್ಕೀ ಮಾತ್ರ ಬೂಟಿನಿಂದ ಕಳಚಿಕೊಳ್ಳಲೇ ಇಲ್ಲ.

ಈ ಬೀಳುವಿಕೆಗೆ ಒಂದು ಹೆಸರೇ ಇದೆ. ಅಮೆರಿಕದ ವರ್ಮಾಂಟಿನಲ್ಲಿ ಕಾರ್ಲ್ ಎಟ್ಲಿಂಗರ್, ರಾಬರ್ಟ್ ಜಾನ್ಸನ್, ಜ್ಯಾಸ್ಪರ್ ಶೀಲಿ ಎಂಬ ಮೂವರು ದಶಕಗಳ ಕಾಲ ಸ್ಕೀ ಗಾಯಗಳನ್ನು ಅಭ್ಯಾಸ ಮಾಡಿದರು. ಅವರು ಇದನ್ನು 'ಫ್ಯಾಂಟಮ್ ಫುಟ್', ಅಂದರೆ ಮಾಯಾಪಾದ ಎಂದು ಕರೆದರು. ಸ್ಕೀ ಪಟ್ಟಿಯ ಹಿಂದಿನ ತುದಿ ನಮ್ಮ ಹಿಮ್ಮಡಿಯಿಂದಾಚೆಗೆ ಚಾಚಿಕೊಂಡಿರುತ್ತದಲ್ಲ, ಅದು ಹಿಂದುಮುಂದಾಗಿ ಹುಟ್ಟಿದ ಇನ್ನೊಂದು ಪಾದವಿದ್ದಂತೆ. ಸ್ಕೀ ಮಾಡುವವರು ಹಿಂದಕ್ಕೆ ಕೂತಾಗ ಆ ತುದಿ ಹಿಮವನ್ನು ಕಚ್ಚಿ ಹಿಡಿದು, ಸನ್ನೆಗೋಲಿನಂತೆ ಮಡಿಸಿದ ಮಂಡಿಯನ್ನು ತಿರುಚಿಬಿಡುತ್ತದೆ. ಬೂಟನ್ನು ಪಟ್ಟಿಗೆ ಹಿಡಿದಿರುವ ಬೈಂಡಿಂಗ್ ಎಂಬ ಸಾಧನವಿದೆ. ಬೆರಳ ತುದಿ ಪಕ್ಕಕ್ಕೆ ತಿರುಗಿದರೆ, ಹಿಮ್ಮಡಿ ಮೇಲಕ್ಕೆದ್ದರೆ ಅದು ಕಳಚಿಕೊಳ್ಳುತ್ತದೆ. ಹಿಂದಿನ ತುದಿಯಿಂದ ಬರುವ ಈ ತಿರುಚುವಿಕೆ ಅದರ ಅರಿವಿಗೇ ಬರುವುದಿಲ್ಲ.

ಬರಬೇಕಾದರೂ ಹೇಗೆ? 1937ರಲ್ಲಿ ಕಾಲು ಮುರಿದುಕೊಂಡ ಹ್ಯಾಲ್ಮಾರ್ ಹ್ವಾಮ್ ಎಂಬ ನಾರ್ವೆ ಮೂಲದ ಸ್ಕೀಗಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥ ಕಳಚುವ ಸಾಧನದ ನಕ್ಷೆ ಬರೆದ. ಅವನ ಕಣ್ಣೆದುರಿಗಿದ್ದದ್ದು ಮುರಿದ ಮೂಳೆ. ಮುಂದೆ ಬಂದವರೂ ಮೂಳೆ ಮುರಿಯದಂತೆ ಸಾಧನವನ್ನು ತಿದ್ದುತ್ತ ಹೋದರು, ಪ್ಲಾಸ್ಟಿಕ್ಕಿನ ಎತ್ತರದ ಬೂಟುಗಳನ್ನು ತಂದರು. ಕಾಲಿನ ಮೂಳೆ ಮುರಿಯುವುದು ಬಹಳ ಕಡಿಮೆಯಾಯಿತು, ಪೆಟ್ಟು ಮಂಡಿಗೆ ಹತ್ತಿತು. ಹವ್ಯಾಸಕ್ಕೆ ಸ್ಕೀ ಮಾಡುವವರಲ್ಲಿ ಈ ಲಿಗಮೆಂಟು ಹರಿದುಕೊಳ್ಳುವ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಎರಡರಿಂದ ಮೂರು ಪಟ್ಟು. ಬಿದ್ದಾಗ ಬೈಂಡಿಂಗ್ ಕಳಚಿಕೊಳ್ಳದಿರುವುದೂ ಹೆಂಗಸರಲ್ಲೇ ಹೆಚ್ಚು ಎಂದು ಆಸ್ಟ್ರಿಯದ ಇನ್ಸ್‌ಬ್ರುಕ್ಕಿನ ಸಂಶೋಧಕರು ತೋರಿಸಿದ್ದಾರೆ. ಹೆಂಗಸರಿಗೆ ಬೈಂಡಿಂಗನ್ನು ಸ್ವಲ್ಪ ಸಡಿಲವಾಗಿಡಿ ಎಂದು ಫ್ರಾನ್ಸಿನ ಪರ್ವತ ವೈದ್ಯರು ಹೇಳುತ್ತ ಬಂದಿದ್ದಾರೆ. ಇಷ್ಟಾದರೂ ಬಿದ್ದವಳಿಗೇ ಬುದ್ಧಿವಾದ! ಬೈಂಡಿಂಗಿಗೆ ಯಾರಾದರೂ "ನಿನಗೆ ಬೇಕಿತ್ತಾ" ಎಂದು ಕೇಳಿದ್ದಾರೆಯೇ?

ಆ ವರ್ಮಾಂಟಿನ ಮೂವರು ಇನ್ನೊಂದು ಕೆಲಸ ಮಾಡಿದರು. ಶಾಲೆಯಲ್ಲಿ ಪಾಠ ಹೇಳುವ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅದು. ಬೀಳುವುದರ ವಿಡಿಯೋಗಳನ್ನು ಸ್ಕೀ ಶಿಕ್ಷಕರಿಗೂ ಕಾವಲು ಪಡೆಯವರಿಗೂ ತೋರಿಸಿ, ಮಂಡಿ ಹರಿಯುವ ಘಳಿಗೆಯನ್ನು ಗುರುತಿಸಲು ಕಲಿಸಿದರು. ಹಿಂದಕ್ಕೆ ವಾಲಿದರೆ ಕೈಗಳನ್ನು ಮುಂದಕ್ಕೆ ತಾ, ಪಾದಗಳನ್ನು ಜೋಡಿಸು. ಬಿದ್ದೆಯಾದರೆ ಕಾಲನ್ನು ಪೂರ್ತಿ ಚಾಚಬೇಡ. ಜಾರುವುದು ನಿಲ್ಲುವವರೆಗೆ ಏಳಲು ಹೋಗಬೇಡ. ಇಷ್ಟೇ ಪಾಠ. ತರಬೇತಿ ಪಡೆದವರಲ್ಲಿ ಮಂಡಿಯ ದೊಡ್ಡ ಗಾಯಗಳು ನೂರಕ್ಕೆ 62ರಷ್ಟು ಕಡಿಮೆಯಾದವೆಂದು 1995ರಲ್ಲಿ ಪ್ರಕಟಿಸಿದರು. ನನ್ನ ತಂಗಿ ಹದಿನೆಂಟು ವರ್ಷದಲ್ಲಿ ದುಡ್ಡು ಕೊಟ್ಟು ಎಷ್ಟೋ ಪಾಠ ಹೇಳಿಸಿಕೊಂಡಿದ್ದಾಳೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬಿದ್ದಮೇಲೆ ತಾನೇ ಹುಡುಕಿ ಓದಿದಳು.

ನನಗೆ ಬೇಸಿಗೆ ರಜ. ಏಪ್ರಿಲಿನಲ್ಲಿ ಆಪರೇಷನ್ ಆದಾಗ ಹೋಗಿ ಏಳು ವಾರ ಇದ್ದೆ. ಎಲ್ಲರಿಗೂ ಆಪರೇಷನ್ ಬೇಕೇಬೇಕೆಂದಿಲ್ಲ. ಸ್ವೀಡನ್ನಿನಲ್ಲಿ 121 ಮಂದಿ ಗಾಯಾಳುಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಮೊದಲು ವ್ಯಾಯಾಮ ಮಾಡಿ ಎಂದು ಹೇಳಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷವಾದರೂ ಲಿಗಮೆಂಟಿನ ಆಪರೇಷನ್ ಇಲ್ಲದೆಯೇ ಇದ್ದರು. ಇವಳ ಮಂಡಿ ಮೆಟ್ಟಿಲಿಳಿಯುವಾಗಲೂ ಜರುಗುತ್ತಿತ್ತಾದ್ದರಿಂದ ಮಾಡಿಸಲೇಬೇಕಾಯಿತು. ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಮಂಡಿಯೊಳಗೆ ಕಸಿ ಮಾಡಿದರು.

ಆಮೇಲಿನದು ನಮ್ಮ ಬಾಣಂತನಕ್ಕಿಂತ ಉದ್ದ. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ನೇರ ಮಾಡುವುದೇ ಮೊದಲ ವಾರದ ತಪಸ್ಸು. ಮಡಿಸುವುದು ಆಮೇಲೆ, ನೇರವಾಗದ ಮಂಡಿ ಜನ್ಮಪೂರ್ತಿ ಕುಂಟಿಸುತ್ತದಂತೆ. ತೊಡೆಯ ಸ್ನಾಯು ಹತ್ತೇ ದಿನದಲ್ಲಿ ಕರಗಿಹೋಗಿ, ಬಲಗಾಲು ಯಾರೋ ಹುಡುಗಿಯದೆಂಬಂತೆ ಕಾಣುತ್ತಿತ್ತು. ಊರುಗೋಲು ಹಿಡಿದು ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಕಾಫಿ ಲೋಟ ಹಿಡಿದು ನಡೆಯಲಾಗದು ಎಂಬುದು ಊರುಗೋಲು ಬಂದಮೇಲೇ ತಿಳಿಯುವ ಸಂಗತಿ. ಅವಳು ಅತ್ತದ್ದು ನೋವಿಗಲ್ಲ. ತಾನೇ ಒಂದು ಲೋಟ ಕಾಫಿಯನ್ನು ಕಿಟಕಿಯವರೆಗೆ ಒಯ್ಯಲಾಗದ್ದಕ್ಕೆ. (ಫ್ಲಾಸ್ಕನ್ನು ಹೆಗಲ ಚೀಲದಲ್ಲಿ ಹಾಕಿಕೊಳ್ಳುವ ಉಪಾಯ ನನ್ನದು. ಯಾರಿಗಾದರೂ ಉಪಯೋಗಕ್ಕೆ ಬರಲಿ.)

ನಿಜವಾದ ಅಪಾಯ ಆಮೇಲಿದೆ. ಎರಡು-ಮೂರು ತಿಂಗಳ ಹೊತ್ತಿಗೆ ನೋವು ಇಳಿದಿರುತ್ತದೆ, ಕಸಿ ಮಾತ್ರ ಇನ್ನೂ ಎಳಸು. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಗಾಯವಾಗುವ ಸಂಭವ ಅರ್ಧಕ್ಕರ್ಧ ಇಳಿಯುತ್ತದೆಂದು 2016ರಲ್ಲಿ ಪ್ರಕಟವಾದ ನಾರ್ವೆಯ ಸಂಶೋಧನೆ ಹೇಳುತ್ತದೆ. ಇಂಥ ಹೊತ್ತಿನಲ್ಲಿ ಅವಳ ವಿಮಾ ಕಂಪನಿ ಫಿಸಿಯೋಥೆರಪಿಗೆ ಇಪ್ಪತ್ತು ಸಲಕ್ಕಿಂತ ಹೆಚ್ಚು ಹಣ ಕೊಡುವುದಿಲ್ಲವೆಂದು ಬರೆದು ಕೈತೊಳೆದುಕೊಂಡಿತು. ನಡೆಯುತ್ತೀಯಲ್ಲ, ಇನ್ನೇನು ಬೇಕು ಎಂಬ ಧಾಟಿ. ನಮ್ಮ ದೊಡ್ಡಮ್ಮನ ಮಾತೇ ಇಂಗ್ಲಿಷಿನಲ್ಲಿ, ಮುದ್ರೆ ಒತ್ತಿಸಿಕೊಂಡು ಬಂದಂತಿತ್ತು!

ಇನ್ನು ಇನ್ನೊಂದು ಕಡೆಯವರು. ಇಟಲಿಯ ಸೋಫಿಯಾ ಗೋಜಾ 2022ರ ಜನವರಿಯಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು 23 ದಿನಕ್ಕೆ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದಳು. ವಾನ್ 2013ರಲ್ಲಿ ಮಂಡಿ ಹರಿದುಕೊಂಡಳು, 2019ರಲ್ಲಿ ನಿವೃತ್ತಳಾದಳು, 2024ರಲ್ಲಿ ಮಂಡಿಯ ಒಂದು ಭಾಗಕ್ಕೆ ಲೋಹ ಹಾಕಿಸಿಕೊಂಡಳು, 2025ರ ಡಿಸೆಂಬರಿನಲ್ಲಿ ವಿಶ್ವಕಪ್ ಡೌನ್‌ಹಿಲ್ ಒಂದನ್ನು ಗೆದ್ದೂಬಿಟ್ಟಳು. ಪತ್ರಿಕೆಗಳು ಇದಕ್ಕೆಲ್ಲ ಛಲ, ಮನೋಬಲ ಎಂದು ತಲೆಬರಹ ಹಾಕುತ್ತವೆ. ಮನೋಬಲ ಇರಬಹುದು. ಜೊತೆಗೆ ದಿನವಿಡೀ ಬೆನ್ನಿಗಿರುವ ಡಾಕ್ಟರು, ವ್ಯಾಯಾಮ ಹೇಳಿಕೊಡುವವರು, ಅಡಿಗೆಯವರೂ ಇರುತ್ತಾರೆ. ಆ ತಲೆಬರಹ ಓದಿದ ಮನೆಯ ಹೆಂಗಸು ಐದನೆಯ ತಿಂಗಳಲ್ಲಿ ಬೆಟ್ಟಕ್ಕೆ ಹೋಗಿ ಕಸಿಯನ್ನು ಹರಿದುಕೊಂಡರೆ ಛಲದ ಪತ್ರಿಕೆಗಳು ಅವಳ ಮಗ್ಗುಲಲ್ಲಿರುವುದಿಲ್ಲ. ಕೊರ್ಟಿನಾದಲ್ಲಿ ತನ್ನ ತೋಳು ದಾರಿಗುರುತಿನ ಕಂಬಕ್ಕೆ ಸಿಕ್ಕಿಕೊಂಡದ್ದರಿಂದ ಬಿದ್ದೆ, ಹಳೆಯ ಮಂಡಿಯಿಂದಲ್ಲ ಎಂದು ವಾನ್ ಸ್ವತಃ ಹೇಳಿದಳು. ಹೊಗಳುತ್ತಿದ್ದವರೇ ಅಷ್ಟರಲ್ಲಿ ಸೊಕ್ಕು ಎಂದು ತೀರ್ಪು ಕೊಟ್ಟಾಗಿತ್ತು. ಗೆದ್ದರೆ ವೀರವನಿತೆ, ಬಿದ್ದರೆ ಹುಚ್ಚಿ. ನಡುವೆ ಬರೀ ಒಬ್ಬ ಹೆಂಗಸಾಗಿರಲು ಜಾಗವಿಲ್ಲ.

ದುಡ್ಡಿದ್ದವರ ಆಟ, ನಮಗೇಕೆ ಈ ಮಾತು ಎನ್ನುತ್ತೀರಾ? ದುಬಾರಿ ಹೌದು, ನಾನು ಕಣ್ಣಾರೆ ಕಂಡು ಬಂದಿದ್ದೇನೆ. ಆದರೆ ನಮ್ಮ ಕೊಡಗಿನ ಹುಡುಗಿ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲೆ ದೂರದ ಸ್ಕೀ ಓಟ ಓಡಿ ಗುಲ್ಮಾರ್ಗಿನಲ್ಲಿ ಚಿನ್ನ ಗೆದ್ದದ್ದನ್ನು ನಾವು ಸಂತೋಷದಿಂದಲೇ ಓದಿದೆವು. ಅವಳ ಮಂಡಿಗೆ ನಾಳೆ ಪೆಟ್ಟಾದರೆ ಏನು ಕೇಳುತ್ತೀರಿ?

ತಂಗಿಯ ಫಿಸಿಯೋಥೆರಪಿಯವಳು ಕಟ್ಟುನಿಟ್ಟಿನ ಹೆಂಗಸು, ನನಗೆ ಹಿಡಿಸಿದಳು. ಒಂಟಿ ಕಾಲಿನಲ್ಲಿ ಕುಪ್ಪಳಿಸಿ, ತೊಡೆಯ ಬಲ ಅಳೆದು, ಪೆಟ್ಟಾದ ಕಾಲು ಒಳ್ಳೆಯ ಕಾಲಿನ ನೂರಕ್ಕೆ 90ರಷ್ಟಾದರೂ ಮಾಡದೆ ಬೆಟ್ಟದ ಮಾತೆತ್ತಬೇಡ ಎಂದಿದ್ದಳು. ವಿಮೆ ನಿಂತಮೇಲೆ ತಿಂಗಳಿಗೊಮ್ಮೆ ಕೈಯಿಂದ ದುಡ್ಡು ಕೊಟ್ಟು ಅವಳ ಬಳಿಗೇ ಹೋದಳು. 2026ರ ಜನವರಿಯಲ್ಲಿ 84 ಬಂತು. ಬೆಟ್ಟದಲ್ಲಿ ಹಿಮವಿತ್ತು, ಗೆಳತಿಯರು ಕರೆದರು, ಹೋಗಲಿಲ್ಲ. ಮಾರ್ಚಿನಲ್ಲಿ 92. ಆಗಲೂ ನೇರ ಬೆಟ್ಟಕ್ಕಲ್ಲ, ಮೊದಲು ಸ್ಕೀ ಅಂಗಡಿಗೆ ಹೋದಳು. ಬೈಂಡಿಂಗ್ ಹೊಂದಿಸಲು ತೂಕ, ಎತ್ತರ, ವಯಸ್ಸು, ಎಂಥ ಸ್ಕೀಗಾರರು ಎಂದು ಫಾರಮ್ಮಿನಲ್ಲಿ ಬರೆಯಬೇಕು. ಪ್ರತಿ ವರ್ಷ ಮೂರನೆಯ ದರ್ಜೆ, ಅಂದರೆ ವೇಗದವರು, ಎಂದು ಗುರುತು ಹಾಕುತ್ತಿದ್ದವಳು ಒಂದನೆಯದಕ್ಕೆ ಹಾಕಿದಳು. "ಅದು ಹೊಸಬರದ್ದಲ್ವಾ, ಮೇಡಂ?" ಎಂದನಂತೆ ಅಂಗಡಿಯ ಹುಡುಗ. "ಹೂಂ, ಹೊಸಬಳೇ" ಎಂದು ಸಹಿ ಮಾಡಿ ಕೊಟ್ಟಳಂತೆ.