ಶಾಲೆಯ ದಾಖಲಾತಿ ಪುಸ್ತಕವೂ ಪರದೇಶದ ಸಂಸಾರವೂ

ಗುರುವಿನ ಹೊಣೆ ಪಾಠದ ಕೊಠಡಿಯಲ್ಲಿ ತೊಡಗಿ ಅಲ್ಲಿಯೇ ಮುಗಿಯುವುದೆಂದು ಭಾವಿಸುವುದು ಲೋಕರೂಢಿ. ಕರಿಹಲಗೆಯ ಮೇಲೆ ಆತನು ಬರೆದುದು ಸಂಜೆಯೊಳಗೆ ಅಳಿಸಿಹೋಗುತ್ತದೆ. ಆದರೆ ಮಗು ಶಾಲೆಗೆ ಸೇರಿದ ದಿನ ದಾಖಲಾತಿ ಪುಸ್ತಕದಲ್ಲಿ ಬರೆದ ಒಂದು ಸಾಲು ಆ ಮಗುವಿನ ಆಯುಷ್ಯಪರ್ಯಂತ ಉಳಿಯುತ್ತದೆ. ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು — ಇಷ್ಟೇ ಆ ಸಾಲಿನ ವಿಷಯ. ಊರಿನಲ್ಲಿಯೇ ಬಾಳುವವನಿಗೆ ಅದರ ಬೆಲೆ ತಿಳಿಯದೆ ಹೋಗಬಹುದು. ಕಡಲಾಚೆ ಸಂಸಾರ ಹೂಡಿದವನಿಗೆ ಅದೇ ಊರುಗೋಲು. ತಪ್ಪಿದರೆ ಅದೇ ಮುಗ್ಗರಿಸುವ ಕಲ್ಲು.

ಮಂಗಳೂರಿನ ಹಂಪನಕಟ್ಟೆಯಿಂದ ಕಂಕನಾಡಿಯತ್ತ ಸಾಗುವ ದಾರಿಯಲ್ಲಿರುವ ಬಲ್ಮಠಕ್ಕೆ ಪರದೇಶದ ಸಂಸಾರಗಳ ಪರಿಚಯ ಇಂದು ನಿನ್ನೆಯದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬಲ್ಮಠದಲ್ಲಿ ನೆಲೆಯೂರಿ, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದುದೂ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿಯೇ. ಕನ್ನಡಕ್ಕೆ ಇಷ್ಟು ಸೇವೆ ಸಲ್ಲಿಸಿದ ಸಂಸ್ಥೆಯವರಿಗೂ ಕಾಗದದ ಕಾಟ ತಪ್ಪಲಿಲ್ಲ. 1914ರ ಆಗಸ್ಟಿನಲ್ಲಿ ಮಹಾಯುದ್ಧ ತೊಡಗಿದಾಗ, ಒಂದೇ ಮಿಶನ್ನಿನಲ್ಲಿ ಒಂದೇ ಕೆಲಸ ಮಾಡುತ್ತಿದ್ದವರ ನಡುವೆ ಪ್ರಜಾತ್ವದ ದಾಖಲೆ ಗೆರೆಯೆಳೆಯಿತು. ಜರ್ಮನಿಯ ಪ್ರಜೆಯೆಂದು ಬರೆದಿದ್ದವನು ಶತ್ರುದೇಶದವನೆನಿಸಿ ಬಂಧನಶಿಬಿರವನ್ನು ಸೇರಿದನು. ಸ್ವಿಟ್ಜರ್ಲೆಂಡಿನ ಪ್ರಜೆಗೆ ಮೊದಮೊದಲು ಆ ಗತಿ ಬರಲಿಲ್ಲ. ಪರದೇಶದಲ್ಲಿ ಮನುಷ್ಯನಿಗಿಂತ ಮೊದಲು ಆತನ ಕಾಗದ ಮಾತನಾಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈಗ ಹೊಳೆ ತಿರುಗಿ ಹರಿದಿದೆ. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಕರಾವಳಿಯ ಜನ ಕೊಲ್ಲಿಯ ನಾಡುಗಳಿಗೆ ದುಡಿಯಲು ಹೊರಟರು. ಮೊದಲು ಮುಂಬಯಿಯ ದಾರಿ ಹಿಡಿಯಬೇಕಾಗಿದ್ದವರಿಗೆ 2006ರಲ್ಲಿ ಬಜ್ಪೆಯಿಂದಲೇ ದುಬಾಯಿಗೆ ನೇರ ವಿಮಾನ ದೊರೆಯಿತು. ದಾರಿ ಹತ್ತಿರವಾಯಿತು, ಕಾಗದದ ದಾರಿ ಮಾತ್ರ ಹತ್ತಿರವಾಗಲಿಲ್ಲ.

ಘಟ್ಟದ ಮೇಲಿನ ಶಾಲೆಯೊಂದರಲ್ಲಿ ಓದಿ, ಬಲ್ಮಠದಲ್ಲಿ ಮನೆ ಮಾಡಿ, ದುಬಾಯಿಯಲ್ಲಿ ಉದ್ಯೋಗ ಹಿಡಿದ ಗೃಹಸ್ಥನೊಬ್ಬನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಯಸಿದನೆನ್ನಿ. ಮದುವೆಯ ನೋಂದಣಿ ಪತ್ರ, ಮಕ್ಕಳ ಜನನಪತ್ರ, ಶಾಲೆಯ ವರ್ಗಾವಣೆ ಪತ್ರ, ತನ್ನ ವಿದ್ಯಾರ್ಹತೆಯ ಪ್ರಮಾಣಪತ್ರ — ಇವೆಲ್ಲ ಹೊರಡಬೇಕು. ರಾಜ್ಯದ ಕಚೇರಿಯ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ ಮುದ್ರೆ ಆಮೇಲೆ. ಹೇಗ್ ಒಪ್ಪಂದಕ್ಕೆ ಸೇರಿದ ರಾಷ್ಟ್ರವಾದರೆ ‘ಅಪೊಸ್ಟೀಲ್’ ಎಂಬ ಒಂದೇ ಮುದ್ರೆಯಲ್ಲಿ ಕೆಲಸ ಮುಗಿಯುತ್ತದೆ. ಭಾರತಕ್ಕೆ ಈ ಸೌಲಭ್ಯ ದೊರೆತುದು 2005ರಲ್ಲಿ. ಸೇರದ ರಾಷ್ಟ್ರವಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇಲ್ಲೊಂದು ಮರ್ಮವುಂಟು. ಈ ಮುದ್ರೆಗಳೆಲ್ಲ ಕಾಗದದ ಮೇಲಿನ ಸಹಿ ನಿಜವಾದುದೆಂದು ಸಾರುತ್ತವೆಯೇ ಹೊರತು ಒಳಗಿನ ಬರಹವನ್ನು ತಿದ್ದುವುದಿಲ್ಲ. ತಪ್ಪಾಗಿ ಬರೆದ ಹೆಸರು ಮುದ್ರೆಯ ಮೇಲೆ ಮುದ್ರೆ ಹೊತ್ತು ತಪ್ಪಾಗಿಯೇ ಕಡಲು ದಾಟುತ್ತದೆ.

ಹೆಸರಿನ ತೊಡಕು ಕನ್ನಡಿಗರಿಗೆ ವಿಶೇಷವಾದುದು. ಬಡಗಣ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮವಿದೆ. ಹಳೆಯ ಮೈಸೂರಿನ ಕಡೆ ಊರಿನ ಹೆಸರಿಗೂ ತಂದೆಯ ಹೆಸರಿಗೂ ಒಂದೊಂದು ಅಕ್ಷರವನ್ನಿಟ್ಟು ಮುಂದೆ ತನ್ನ ಹೆಸರನ್ನು ಬರೆಯುತ್ತಾರೆ. ಬರಿಯ ಒಂದೇ ಹೆಸರಿನವರೂ ಅನೇಕರಿದ್ದಾರೆ. ಪಾಸ್‌ಪೋರ್ಟಿನ ಅರ್ಜಿಯಾದರೋ ಕುಲನಾಮವೊಂದು, ಕೊಟ್ಟ ಹೆಸರೊಂದು ಎಂದು ಎರಡು ಮನೆಗಳನ್ನು ಗೆರೆಹಾಕಿ ಇಟ್ಟಿದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟುಗಳ ಆಡಳಿತವು, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರುಳ್ಳವರಿಗೆ ಸಂದರ್ಶನ ವೀಸಾದ ಮೇಲೆ ಪ್ರವೇಶವಿಲ್ಲವೆಂದಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪಬಹುದೆಂಬ ಸ್ಪಷ್ಟನೆ ಅನಂತರ ಬಂದಿತು.

ಇನ್ನು ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗಿನ ಅವಾಂತರ ಬೇರೆ. ‘ಸಿದ್ಧಲಿಂಗಯ್ಯ’ ಎಂಬ ಹೆಸರಿನ ಒತ್ತಕ್ಷರಕ್ಕೆ ಒಬ್ಬರು ಎಚ್ ಸೇರಿಸುವರು, ಒಬ್ಬರು ಬಿಡುವರು. ಕೊನೆಯ ‘ಯ್ಯ’ಕ್ಕೆ ಒಬ್ಬರು ಎರಡು ವೈ ಹಾಕಿದರೆ ಮತ್ತೊಬ್ಬರು ಐ, ಎ, ಎಚ್ ಎಂದು ಮುಗಿಸುವರು. ಕನ್ನಡದ ಕಿವಿಗೆ ಇವೆಲ್ಲ ಒಂದೇ ಹೆಸರು. ಪರದೇಶದ ಗುಮಾಸ್ತನ ಕಣ್ಣಿಗೆ ನಾಲ್ವರು ಬೇರೆ ಬೇರೆ ಪುರುಷರು. ಮಗನ ಜನನಪತ್ರದಲ್ಲಿರುವ ತಂದೆ ಈತನೇ ಎಂಬುದನ್ನು ಸ್ವತಃ ತಂದೆಯೇ ಪ್ರಮಾಣೀಕರಿಸಬೇಕಾದ ವಿಪರೀತ ಅಲ್ಲಿ ಒದಗುತ್ತದೆ.

ಹುಟ್ಟಿದ ದಿನದ ಕಥೆಯೂ ಇಂಥದೇ. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೊಂದಲೆಂದು ಹಿಂದಿನ ಮೇಷ್ಟರು ಮಗುವಿನ ಜನ್ಮದಿನವನ್ನು ಜೂನ್ 1 ಎಂದು ಬರೆದುಬಿಡುತ್ತಿದ್ದುದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಆ ಕಾಲಕ್ಕೆ ಅದು ಉಪಕಾರವೇ. ಮಗುವಿನ ವರ್ಷವೊಂದು ಉಳಿಯಿತು. ಆದರೆ ಪುರಸಭೆಯ ಜನನ ನೋಂದಣಿಯಲ್ಲಿ ಬೇರೊಂದು ದಿನವಿದ್ದರೆ, ಮೂವತ್ತು ವರ್ಷಗಳ ತರುವಾಯ ಆ ಉಪಕಾರ ಋಣವಾಗಿ ಎದುರು ನಿಲ್ಲುತ್ತದೆ. ತಿದ್ದುಪಡಿಗೆ ಹಲವು ವೇಳೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ರಜೆಯ ಮೇಲೆ ಮೂವತ್ತು ದಿನಕ್ಕೆಂದು ಊರಿಗೆ ಬಂದವನು ಯಾವ ವಾಯಿದೆಗೆ ಕಾದಿರಬಲ್ಲನು?

2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನನಪತ್ರವೊಂದೇ ಜನ್ಮದಿನದ ಆಧಾರವೆಂದು 2025ರ ನಿಯಮ ವಿಧಿಸಿರುವುದರಿಂದ ಶಾಲೆಯ ಪುಸ್ತಕಕ್ಕೆ ಇನ್ನೇನು ಬೆಲೆ ಎಂದು ಕೆಲವರು ಕೇಳಬಹುದು. ಅದಕ್ಕೂ ಹಿಂದೆ ಹುಟ್ಟಿ ಇಂದು ತರಗತಿಗಳಲ್ಲಿ ಕುಳಿತಿರುವವರ ಪಾಲಿಗೆ ಶಾಲೆಯ ಪತ್ರ ಇನ್ನೂ ಆಧಾರವಾಗಿಯೇ ಇದೆ. ಹೊಸ ಪೀಳಿಗೆಗಾದರೂ ಜನನಪತ್ರಕ್ಕೂ ಹತ್ತನೆಯ ತರಗತಿಯ ಅಂಕಪಟ್ಟಿಗೂ ವ್ಯತ್ಯಾಸ ಬಂದರೆ ತೊಡಕು ಇಮ್ಮಡಿಯಾದೀತೇ ಹೊರತು ಕಡಿಮೆಯಾಗದು. ಅದಲ್ಲದೆ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವನು ವಲಸೆ ತಪಾಸಣೆಯ ಕಟ್ಟಿನಿಂದ ಪಾರಾಗುತ್ತಾನೆ. ಆಗದವನು, ಬೇರೆ ವಿನಾಯಿತಿ ಇಲ್ಲದಿದ್ದರೆ, 1983ರ ವಲಸೆ ಕಾಯಿದೆಯಂತೆ ಕೊಲ್ಲಿಯ ನಾಡುಗಳಲ್ಲಿ ದುಡಿಯಲು ಅನುಮತಿ ಪಡೆದೇ ಹೋಗಬೇಕು. ಶಾಲೆಯ ಕಾಗದದ ಬಲ ಹೀಗೆ ಸೀಮೆಯಾಚೆಗೂ ಚಾಚಿದೆ.

ತಪ್ಪೆಲ್ಲ ಶಾಲೆಯದೇ ಎನ್ನುವುದು ನ್ಯಾಯವಲ್ಲ. ನಾಡಿನ ಹೆಸರಿಡುವ ಸಂಪ್ರದಾಯವನ್ನರಿತು ಅರ್ಜಿಯ ನಮೂನೆಯನ್ನು ರೂಪಿಸಬೇಕಾದುದು ಸರ್ಕಾರದ ಕರ್ತವ್ಯ. ಹೆತ್ತವರ ಅಲಕ್ಷ್ಯವೂ ಕಡಿಮೆಯಿಲ್ಲ. ಪರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕೆಂದು ಪೌರತ್ವದ ಕಾಯಿದೆಯೇ ಹೇಳುತ್ತದೆ. ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆದರೂ ನಾಳೆ ನೋಡಿದರಾಯಿತೆನ್ನುವವರುಂಟು. ಇವೆಲ್ಲ ನಿಜವಾದರೂ, ಸರ್ಕಾರ ನಮೂನೆ ತಿದ್ದುವವರೆಗೆ ಕಾಯದೆ ನಾಳೆಯಿಂದಲೇ ಸರಿಪಡಿಸಬಹುದಾದ ಸ್ಥಳವೊಂದಿದ್ದರೆ ಅದು ಶಾಲೆಯ ಕಚೇರಿ.

ಮಾಡಬೇಕಾದುದು ದೊಡ್ಡದಲ್ಲ. ಮಗುವನ್ನು ಸೇರಿಸಿಕೊಳ್ಳುವಾಗ ಜನನಪತ್ರವನ್ನು ಕಣ್ಣಾರೆ ಕಂಡು, ಅದರಲ್ಲಿದ್ದಂತೆಯೇ ಹೆಸರನ್ನೂ ದಿನವನ್ನೂ ಕನ್ನಡ ಇಂಗ್ಲಿಷುಗಳೆರಡರಲ್ಲಿಯೂ ಬರೆಯಬೇಕು. ಒಂಟಿ ಅಕ್ಷರಗಳನ್ನು ಬಿಡಿಸಿ ಪೂರ್ಣವಾಗಿ ಬರೆದು, ಹೆತ್ತವರಿಗೆ ಓದಿ ಹೇಳಿ, ಅವರ ಸಹಿ ಪಡೆಯಬೇಕು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನ ಮತ್ತೊಮ್ಮೆ ತಾಳೆ ನೋಡಬೇಕು. ಪತ್ರಲೇಖನವನ್ನು ಕಲಿಸುವ ಕನ್ನಡದ ಉಪಾಧ್ಯಾಯರು ಅರ್ಜಿಯ ನಮೂನೆ ತುಂಬುವುದನ್ನೂ ಪಾಠವಾಗಿ ಕಲಿಸಿದರೆ ವ್ಯಾಕರಣಕ್ಕೆ ಕುಂದೇನೂ ಬಾರದು. ಪರದೇಶದ ಅನುಭವವಿರುವ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಒಂದು ದಿನ ಶಾಲೆಯಲ್ಲಿ ಕುಳಿತು ಕಿರಿಯರ ಕಾಗದಗಳನ್ನು ನೋಡಿಕೊಡಬಹುದು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಗೆದ್ದಲು ಹತ್ತದ ಒಂದು ಕಬ್ಬಿಣದ ಬೀರುವಿಗೂ ಹಳೆಯ ಪುಸ್ತಕಗಳ ಪ್ರತಿ ತೆಗೆಸುವುದಕ್ಕೂ ಕೊಟ್ಟರೆ, ಆ ದಾನದ ಫಲ ಕಲ್ಲಿನ ಮೇಲೆ ಹೆಸರು ಕೆತ್ತಿಸಿದುದಕ್ಕಿಂತ ಕಿರಿದಾಗದು.

ಶಾಲೆಯನ್ನು ಬಿಟ್ಟವನು ಪಾಠವನ್ನು ಮರೆತಾನು, ಪದ್ಯವನ್ನು ಮರೆತಾನು. ಆದರೆ ಅಲ್ಲಿ ಬರೆಯಿಸಿದ ಹೆಸರನ್ನು ಹೊತ್ತೇ ತಿರುಗುತ್ತಾನೆ. ದೂರದೇಶದ ಕಚೇರಿಯ ಕಿಂಡಿಯ ಮುಂದೆ ಅಪರಿಚಿತನಾಗಿ ನಿಂತ ಶಿಷ್ಯನ ಬೆನ್ನಿಗೆ, ಎಂದೋ ಎಚ್ಚರದಿಂದ ಬರೆದ ಒಂದು ಸಾಲಿನ ರೂಪದಲ್ಲಿ ಆತನ ಗುರುವು ನಿಂತಿರಲಿ.