ಬಾಲಿಕೆಯರ ಹವ್ಯಾಸಗಳೂ ಹಿರಿಯರ ಕರ್ತವ್ಯವೂ

ಹದಿಮೂರರಿಂದ ಹದಿನಾರು ವರ್ಷಗಳೊಳಗಿನ ಬಾಲಿಕೆಯು ಮನೆಯಲ್ಲಿ ಮಿತವಾಗಿ ಮಾತನಾಡುವಳು. ತಾಯಿಯು ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಬರುವುದೂ ಕಷ್ಟ. ಆದರೆ ಅದೇ ಬಾಲಿಕೆಯು ನೋಟುಪುಸ್ತಕದ ಕಡೆಯ ಹಾಳೆಯಲ್ಲಿ ಚಿತ್ರ ಬರೆಯುವಾಗಲೂ, ಹಬ್ಬದ ಮುಂಜಾನೆ ಅಂಗಳದಲ್ಲಿ ರಂಗವಲ್ಲಿ ಇಡುವಾಗಲೂ, ಸೂಜಿದಾರ ಹಿಡಿದು ಕುಳಿತಾಗಲೂ ಎಷ್ಟೋ ಸಂಗತಿಗಳನ್ನು ಹೇಳುತ್ತಿರುತ್ತಾಳೆ. ಅದನ್ನು ಹಿರಿಯರು ಹೇಗೆ ಕೇಳಿಕೊಳ್ಳಬೇಕೆಂಬ ವಿಷಯವಾಗಿ ಪೋಷಕರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಾಲ್ಕು ಮಾತುಗಳನ್ನು ನಿವೇದಿಸಲು ಬಯಸುತ್ತೇವೆ.

ಮಗಳ ಹವ್ಯಾಸದ ಮಾತು ಬಂದಾಗ ಪೋಷಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಇದರಿಂದ ಅಂಕ ಬರುವುದೇ? ಇದರಿಂದ ಮುಂದೆ ಸಂಪಾದನೆಯಾಗುವುದೇ? ಎರಡಕ್ಕೂ ಇಲ್ಲವೆಂಬ ಉತ್ತರ ದೊರೆತರೆ ಆ ಕೆಲಸವು ಕಾಲಹರಣವೆನಿಸಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ಬೇರೊಂದಿದೆ: ಈಕೆ ಇದರಲ್ಲಿ ಏನನ್ನು ಹೇಳುತ್ತಿರುವಳು?

ಕೈಗೆಲಸವು ಒಂದು ಬಗೆಯ ಮಾತೆಂಬುದನ್ನು ನಮ್ಮ ನಾಡಿನ ಸ್ತ್ರೀಯರು ಬಹುಕಾಲದಿಂದ ಬಲ್ಲರು. ಧಾರವಾಡ ಸೀಮೆಯ ಕಸೂತಿಯಲ್ಲಿ ಗೋಪುರ, ತೇರು, ತೊಟ್ಟಿಲು, ಆನೆ, ನವಿಲುಗಳು ಬಂದಿರುವುದು ಅವರು ದಿನವೂ ಕಂಡು ಪ್ರೀತಿಸಿದ ಲೋಕದಿಂದಲೇ. ನಮಗೆ ಇನ್ನೂ ಹತ್ತಿರದ ದೃಷ್ಟಾಂತವು ವಡ್ಡು, ತೋರಣಗಲ್ಲು, ಸಂಡೂರುಗಳ ಸೀಮೆಯಲ್ಲಿರುವ ಲಂಬಾಣಿ ತಾಂಡಗಳಲ್ಲಿದೆ. ಲಂಬಾಣಿಗರ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಹಿಂದೆ ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಆ ಜನರ ಹೆಣ್ಣುಮಕ್ಕಳು ತಮ್ಮ ಲಂಗ ರವಿಕೆಗಳ ಮೇಲೆ ಕನ್ನಡಿಬಿಲ್ಲೆ, ಕವಡೆ, ನಾಣ್ಯಗಳನ್ನು ಸೇರಿಸಿ ಬಣ್ಣಬಣ್ಣದ ದಾರಗಳಿಂದ ಕಸೂತಿ ಹಾಕಿದರು. ಮಗಳು ತಾಯಿಯ ಪಕ್ಕದಲ್ಲಿ ಕುಳಿತು ನೋಡಿ ಕಲಿತಳು. ಪಾಠವೂ ಪರೀಕ್ಷೆಯೂ ಇರಲಿಲ್ಲ.

ಈ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆಯು ಹಂಪೆಯಲ್ಲಿ ಸೇರಿದಾಗ, ಸಂಡೂರು ಕುಶಲ ಕಲಾ ಕೇಂದ್ರದೊಡನೆ ಕೂಡಿದ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಸಿದ್ಧಪಡಿಸಿದ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಇದು ಈ ಸೀಮೆಗೆಲ್ಲ ಹೆಮ್ಮೆಯ ಸಂಗತಿ. ಆದರೆ ತಾಂಡದಿಂದ ಬರುವ ಬಾಲಿಕೆಯು ತಾನೇ ಹೊಲಿದ ಚೀಲವನ್ನು, ಸಹಪಾಠಿಗಳು ನಕ್ಕಾರೆಂಬ ಭಯದಿಂದ, ಒಳಮಗ್ಗುಲನ್ನು ಹೊರಗೆ ಮಾಡಿ ತರುವುದನ್ನೂ ನಾವು ಕಂಡಿದ್ದೇವೆ. ಲೋಕವು ಕೊಟ್ಟ ಮನ್ನಣೆಯು ಆ ಬಾಲಿಕೆಯ ಸಂಕೋಚವನ್ನು ನೀಗಲಿಲ್ಲ. ಅದನ್ನು ನೀಗಬಲ್ಲವರು ಪಕ್ಕದ ಬೆಂಚಿನ ಗೆಳತಿ, ಉಪಾಧ್ಯಾಯಿನಿ ಮತ್ತು ಮನೆಯವರು.

ಪೋಷಕರ ಕಳವಳವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಗಣಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಹೊಲದಲ್ಲಿಯೋ ದುಡಿದು ದಣಿದು ಬಂದ ತಂದೆಯು, ಮಗಳು ಓದಿ ಒಳ್ಳೆಯ ಉದ್ಯೋಗ ಹಿಡಿಯಲೆಂದು ಬಯಸುವುದು ನ್ಯಾಯವೇ ಸರಿ. ಹತ್ತನೆಯ ತರಗತಿಯ ಪರೀಕ್ಷೆಯು ಸಣ್ಣದಲ್ಲ. ಆದರೂ ಆ ವರ್ಷ ಬಂದೊಡನೆ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲಿಡುವುದರಿಂದ ಓದು ಹೆಚ್ಚುವುದೆಂದು ನಾವು ನಂಬಲಾರೆವು. ದಿನಕ್ಕೆ ಅರ್ಧ ಗಂಟೆ ತನ್ನದೆಂಬ ಕೆಲಸವಿರುವ ಬಾಲಿಕೆಯು ಉಳಿದ ಹೊತ್ತು ಹೆಚ್ಚು ಸಮಾಧಾನದಿಂದ ಪುಸ್ತಕ ಹಿಡಿಯುವುದು ನಮ್ಮ ಅನುಭವಕ್ಕೆ ಬಂದಿದೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿಯನ್ನೂ ಆಟವನ್ನೂ ಕಲೆಯಲ್ಲಿ ಪಾಲ್ಗೊಳ್ಳುವುದನ್ನೂ ಮಗುವಿನ ಹಕ್ಕೆಂದೇ ಹೇಳಿದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ಉಂಟು. ಮಗಳು ಚೆನ್ನಾಗಿ ಹಾಡುವಳೆಂದು ತಿಳಿದೊಡನೆ ಸ್ಪರ್ಧೆಯಿಂದ ಸ್ಪರ್ಧೆಗೆ ಕರೆದೊಯ್ದು, ಬಹುಮಾನ ಬಾರದ ದಿನ ಮುಖ ಗಂಟಿಕ್ಕುವವರು ಕೆಲವರು. ಆಗ ಹವ್ಯಾಸವೇ ಮತ್ತೊಂದು ಪರೀಕ್ಷೆಯಾಗುತ್ತದೆ. ಬಾಲಿಕೆಗೆ ತನ್ನದೆಂಬ ಜಾಗವೇ ಉಳಿಯುವುದಿಲ್ಲ.

ಮೊಬೈಲಿನ ವಿಷಯವನ್ನು ಹಲವರು ಕೇಳುತ್ತಾರೆ. ಇತರರು ಕುಣಿದದ್ದನ್ನು ಗಂಟೆಗಟ್ಟಲೆ ನೋಡುವುದು ಹವ್ಯಾಸವಲ್ಲ. ತಾನೇ ನೃತ್ಯವನ್ನು ರಚಿಸಿ, ತಪ್ಪಿದಲ್ಲಿ ತಿದ್ದಿ, ಚಿತ್ರೀಕರಿಸುವುದು ನಿಜವಾದ ಕೆಲಸ. ಅದನ್ನು ಅಪರಿಚಿತರ ಮುಂದೆ ಇಡಬೇಕೋ ಬೇಡವೋ ಎಂಬುದನ್ನು ತಾಯಿಯು ಮಗಳ ಪಕ್ಕದಲ್ಲಿ ಕುಳಿತು ವಿಚಾರಿಸತಕ್ಕದ್ದು. ಉಪಕರಣವನ್ನು ಕಿತ್ತುಕೊಂಡರೆ ಆ ಮಾತುಕತೆಯೇ ನಿಲ್ಲುತ್ತದೆ.

ಆದಕಾರಣ ಪೋಷಕರಲ್ಲಿ ನಮ್ಮ ವಿನಂತಿಯಿಷ್ಟು: ಮಗಳು ಮಾಡಿದ್ದನ್ನು ತೋರಿಸಿದರೆ ಕೈಕೆಲಸ ಬಿಟ್ಟು ನೋಡಿರಿ, ತೋರಿಸದಿದ್ದರೆ ಒತ್ತಾಯಿಸಬೇಡಿರಿ, ಆಕೆಯ ಒಪ್ಪಿಗೆಯಿಲ್ಲದೆ ನೆಂಟರ ಮುಂದೆ ಇಡಬೇಡಿರಿ. ಮಗನಿಗೆ ಆಟದ ಹೊತ್ತು ಇರುವಂತೆ ಮಗಳಿಗೂ ಮನೆಗೆಲಸದಿಂದ ಬಿಡುವಾದ ಒಂದು ಹೊತ್ತನ್ನು ಗೊತ್ತುಮಾಡಿರಿ. ಹಳೆಯ ವಿದ್ಯಾರ್ಥಿನಿಯರು ಹೊಲಿಗೆಯನ್ನೋ ಹಾಡನ್ನೋ ಚಿತ್ರವನ್ನೋ ಇಂದಿಗೂ ಉಳಿಸಿಕೊಂಡಿದ್ದರೆ ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ಮಕ್ಕಳೊಡನೆ ಕುಳಿತು ತಮ್ಮ ಕೆಲಸವನ್ನು ಮಾಡಲಿ. ಕೇಳಿದವರಿಗೆ ಕಲಿಸಲಿ. ಆ ಹೊತ್ತಿಗೆ ಅಂಕಪಟ್ಟಿಯನ್ನೂ ಬಹುಮಾನವನ್ನೂ ನಾವು ಇಟ್ಟಿಲ್ಲ, ಇಡುವುದೂ ಇಲ್ಲ.